ಕ್ಯಾಂಪಸ್ ಮತ್ತು ಸಮುದಾಯ ಬಾನುಲಿಗಳಲ್ಲಿ ಜಾಹೀರಾತು: ನಿಯಮಗಳೇನು, ಅವು ಏಕೆ?

ಕಾಲೇಜು ಆವರಣದಿಂದ ಪ್ರಸಾರವಾಗುವ ಬಾನುಲಿ ನಮ್ಮ ಕರಾವಳಿಗೆ ಹೊಸದೇನಲ್ಲ. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8 ಎಫ್.ಎಂ. ಕನ್ನಡ, ಕೊಂಕಣಿ, ತುಳು, ಬ್ಯಾರಿ ಮೊದಲಾದ ಭಾಷೆಗಳಲ್ಲಿ ಜನರನ್ನು ಮಾತನಾಡಿಸುತ್ತಾ ಬಂದಿದೆ. ಉಡುಪಿ ಜಿಲ್ಲೆಯಲ್ಲಿ ರೇಡಿಯೊ ಮಣಿಪಾಲ್ 90.4 ಇದೆ. ಇಂತಹ ಕೇಂದ್ರಗಳಲ್ಲಿ ಮಾತನಾಡಿದ ರೈತರು, ಮೀನುಗಾರ ಮಹಿಳೆಯರು, ಶಿಕ್ಷಕರು, ಯುವಜನ ಸಂಘಟನೆಗಳ ಸದಸ್ಯರು ನಮ್ಮ ಊರುಗಳಲ್ಲಿಯೂ ಇದ್ದಾರೆ.

ಆದರೆ ಈ ಕೇಂದ್ರಗಳು ಹೇಗೆ ನಡೆಯುತ್ತವೆ, ಅವುಗಳ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಸ್ವಸಹಾಯ ಗುಂಪಿನವರು ತಮ್ಮ ಉಪ್ಪಿನಕಾಯಿಯ ಬಗ್ಗೆ ಅಲ್ಲಿ ಜಾಹೀರಾತು ಕೊಡಬಹುದೇ? ಚರ್ಚಿನ ವಾರ್ಷಿಕ ಹಬ್ಬದ ವಿಷಯ ಹೇಳಿಸಬಹುದೇ? ದೊಡ್ಡ ಕಂಪೆನಿಯೊಂದು ಇಡೀ ಕಾರ್ಯಕ್ರಮವನ್ನೇ ಪ್ರಾಯೋಜಿಸಲು ಮುಂದೆ ಬಂದರೆ ಒಪ್ಪಿಕೊಳ್ಳಬಹುದೇ? ಸಂಘ ಸಂಸ್ಥೆಗಳ ಕಾರ್ಯಕರ್ತರಿಗೆ ಎದುರಾಗುವ ಇಂತಹ ಪ್ರಶ್ನೆಗಳಿಗೆ ಸಂಬಂಧಿಸಿದ ನಿಯಮಗಳನ್ನೂ ಅವುಗಳ ಹಿಂದಿರುವ ಕಾರಣಗಳನ್ನೂ ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ಮೂರು ಬಗೆಯ ಬಾನುಲಿ

ನಮ್ಮ ದೇಶದಲ್ಲಿ ಬಾನುಲಿ ಕೇಂದ್ರಗಳು ಮೂರು ಬಗೆಯವು. ಮೊದಲನೆಯದು ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಆಕಾಶವಾಣಿ. ಅಲ್ಲಿಯೂ ಜಾಹೀರಾತು ಇದೆ. 1967ರ ನವೆಂಬರ್ 1ರಂದು ವಿವಿಧ ಭಾರತಿಯ ಮೂಲಕ ಅದು ಆರಂಭವಾಯಿತು. ಎರಡನೆಯದು ಖಾಸಗಿ ವಾಣಿಜ್ಯ ಎಫ್.ಎಂ. ಹರಾಜಿನಲ್ಲಿ ತರಂಗಾಂತರ ಪಡೆದು, ಜಾಹೀರಾತಿನಿಂದಲೇ ಲಾಭ ಗಳಿಸುವುದು ಅದರ ಉದ್ದೇಶ. ಈ ಬಗೆಯ ಮೊದಲ ಕೇಂದ್ರ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿತು.

ಮೂರನೆಯದು ಸಮುದಾಯ ಬಾನುಲಿ. ಇಲ್ಲಿ ತರಂಗಾಂತರಕ್ಕೆ ಹರಾಜು ಇಲ್ಲ, ಲಾಭಕ್ಕೂ ಅವಕಾಶವಿಲ್ಲ. ಪ್ರೇಷಕದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್‌ಗೆ ಸೀಮಿತ. ಧ್ವನಿ ತಲಪುವುದು ಸುಮಾರು 5ರಿಂದ 10 ಕಿಲೋಮೀಟರ್ ವ್ಯಾಪ್ತಿಯ ಊರುಗಳಿಗೆ ಮಾತ್ರ. ಕ್ಯಾಂಪಸ್ ಬಾನುಲಿ ಎಂದು ನಾವು ಕರೆಯುವುದು ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ಜಾತಿಯಲ್ಲ, ಶಿಕ್ಷಣ ಸಂಸ್ಥೆಯೊಂದು ಪರವಾನಗಿ ಪಡೆದು ನಡೆಸುವ ಸಮುದಾಯ ಬಾನುಲಿಯೇ ಅದು. ಆದುದರಿಂದ ಕಾಲೇಜಿನ ಕೇಂದ್ರವಿರಲಿ, ಸ್ವಯಂಸೇವಾ ಸಂಸ್ಥೆಯ ಕೇಂದ್ರವಿರಲಿ, ಕೃಷಿ ವಿಜ್ಞಾನ ಕೇಂದ್ರದ ಕೇಂದ್ರವಿರಲಿ, ಜಾಹೀರಾತಿನ ನಿಯಮ ಎಲ್ಲದಕ್ಕೂ ಒಂದೇ.

ಹಿನ್ನೆಲೆ

ಈ ಎಲ್ಲದರ ಮೂಲ 1995ರ ಫೆಬ್ರವರಿ 9ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆ ಮತ್ತು ಕೇಂದ್ರ ಸರಕಾರದ ನಡುವೆ ನಡೆದ ಮೊಕದ್ದಮೆ ಅದು. ವಾಯುತರಂಗಗಳು ಸಾರ್ವಜನಿಕ ಸೊತ್ತು, ಅವುಗಳನ್ನು ಸಾರ್ವಜನಿಕ ಹಿತಕ್ಕಾಗಿ ಬಳಸಬೇಕು, ಸರಕಾರದ ಏಕಸ್ವಾಮ್ಯವಾಗಲೀ ಹಣವಂತರ ಏಕಸ್ವಾಮ್ಯವಾಗಲೀ ಸಲ್ಲದು ಎಂಬ ತತ್ವವನ್ನು ನ್ಯಾಯಾಲಯ ಅಲ್ಲಿ ಎತ್ತಿಹಿಡಿಯಿತು. ಮರುವರ್ಷ, 1996ರಲ್ಲಿ, ಬೆಂಗಳೂರಿನಲ್ಲಿ ಸೇರಿದ ಬಾನುಲಿ ಆಸಕ್ತರು ಸಮುದಾಯ ಬಾನುಲಿಗೆ ಅವಕಾಶ ಬೇಕೆಂದು ಘೋಷಣಾಪತ್ರ ಹೊರಡಿಸಿದರು.

ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಪರವಾನಗಿಗಾಗಿ ಕಾದು ಕುಳಿತುಕೊಳ್ಳಲಿಲ್ಲ. ಆಕಾಶದ ಮೂಲಕ ಪ್ರಸಾರ ಮಾಡುವಂತಿರಲಿಲ್ಲವಾದ್ದರಿಂದ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಗುಂಪುಗಳಲ್ಲಿ ಕೇಳಿಸಿದರು, ಅನಂತರ ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲಪಿಸಿದರು. 'ನಮ್ಮ ಧ್ವನಿ' ಎಂಬ ಆ ಪ್ರಯತ್ನ ದೇಶದ ಗಮನ ಸೆಳೆಯಿತು.

2002ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಮೊದಲು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆಯಿತು. 2004ರ ಫೆಬ್ರವರಿ 1ರಂದು ಚೆನ್ನೈಯ ಅಣ್ಣಾ ವಿಶ್ವವಿದ್ಯಾನಿಲಯದ ಕೇಂದ್ರ ದೇಶದ ಮೊದಲ ಕ್ಯಾಂಪಸ್ ಬಾನುಲಿಯಾಗಿ ಆರಂಭವಾಯಿತು. 2006ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಈ ಅವಕಾಶವನ್ನು ಸ್ವಯಂಸೇವಾ ಸಂಸ್ಥೆಗಳಿಗೂ ವಿಸ್ತರಿಸಿತು. 2008ರ ಅಕ್ಟೋಬರ್ 15ರಂದು ಅಂದಿನ ಆಂಧ್ರಪ್ರದೇಶದಲ್ಲಿ, ಇಂದಿನ ತೆಲಂಗಾಣದಲ್ಲಿ, ದಲಿತ ಮಹಿಳೆಯರು ನಡೆಸುವ ಸಂಘಂ ರೇಡಿಯೊ ಪ್ರಸಾರಕ್ಕೆ ಬಂತು. 2024ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ 481 ಸಮುದಾಯ ಬಾನುಲಿಗಳಿದ್ದವು.

2006ರ ಮಾರ್ಗಸೂಚಿ ಹಾಕಿದ ಚೌಕಟ್ಟು

ಜಾಹೀರಾತಿನ ಬಗ್ಗೆ 2006ರ ಮಾರ್ಗಸೂಚಿ ಮೂರು ಮುಖ್ಯ ವಿಷಯಗಳನ್ನು ಹೇಳಿತು.

1. ಏನನ್ನು ಜಾಹೀರಾತು ಮಾಡಬಹುದು? ಸ್ಥಳೀಯ ಕಾರ್ಯಕ್ರಮಗಳು, ಸ್ಥಳೀಯ ವ್ಯಾಪಾರ ಮತ್ತು ಸೇವೆಗಳು, ಉದ್ಯೋಗಾವಕಾಶಗಳು. 'ಸ್ಥಳೀಯ' ಎಂಬ ಪದವೇ ಇಲ್ಲಿ ಕೀಲಿಕೈ. ಊರಿನ ಬೇಕರಿ, ಹೊಲಿಗೆ ತರಗತಿ, ದಿನಸಿ ಅಂಗಡಿ, ನರ್ಸರಿ, ಸಹಕಾರಿ ಸಂಘ, ಕೆಲಸಕ್ಕೆ ಜನ ಬೇಕಾಗಿರುವ ವರ್ಕ್‌ಶಾಪ್ ಇವೆಲ್ಲ ಇದರೊಳಗೆ ಬರುತ್ತವೆ.

2. ಎಷ್ಟು ಹೊತ್ತು? ಪ್ರಸಾರದ ಪ್ರತಿ ಗಂಟೆಗೆ ಗರಿಷ್ಠ 5 ನಿಮಿಷ.

3. ಪ್ರಾಯೋಜಿತ ಕಾರ್ಯಕ್ರಮ ಮಾಡಬಹುದೇ? ಕೂಡದು ಎಂಬುದೇ ಸಾಮಾನ್ಯ ನಿಯಮ. ಸಾರ್ವಜನಿಕ ಹಿತದ ಮಾಹಿತಿಗಾಗಿ ಕೇಂದ್ರ ಮತ್ತು ರಾಜ್ಯ ಸರಕಾರಗಳು ಹಾಗೂ ಇತರ ಸಂಸ್ಥೆಗಳು ಪ್ರಾಯೋಜಿಸುವ ಕಾರ್ಯಕ್ರಮಗಳಿಗೆ ಮಾತ್ರ ವಿನಾಯಿತಿ. ಉದಾಹರಣೆಗೆ, ಲಸಿಕೆ ಅಭಿಯಾನದ ಸರಣಿಯೊಂದನ್ನು ಆರೋಗ್ಯ ಇಲಾಖೆ ಪ್ರಾಯೋಜಿಸಬಹುದು. ಸಾಬೂನಿನ ಕಂಪೆನಿ ತನ್ನ ಸಾಬೂನಿನ ಹೆಸರಿನಲ್ಲಿ ಮನೋರಂಜನೆಯ ಕಾರ್ಯಕ್ರಮ ನಡೆಸುವಂತಿಲ್ಲ.

ಮಾಹಿತಿಗೂ ಜಾಹೀರಾತಿಗೂ ಇರುವ ವ್ಯತ್ಯಾಸವನ್ನು ಕೇಂದ್ರದವರು ದಿನವೂ ಅಳೆಯಬೇಕಾಗುತ್ತದೆ. ಶಂಕರಪುರದ ಮಲ್ಲಿಗೆಗೆ ಇಂದು ಅಟ್ಟೆಗೆ ಎಷ್ಟು ದರ ಎಂದು ತಿಳಿಸಿದರೆ ಅದು ಬೆಳೆಗಾರನಿಗೂ ಕೊಳ್ಳುವವನಿಗೂ ಬೇಕಾದ ಮಾಹಿತಿ. ಅದೇ ಮಲ್ಲಿಗೆಯನ್ನು ಇಂತಹ ಅಂಗಡಿಯಲ್ಲೇ ಕೊಳ್ಳಿರಿ ಎಂದು ಹಣ ಪಡೆದು ಹೇಳಿದರೆ ಅದು ಜಾಹೀರಾತು. ಎರಡಕ್ಕೂ ಸ್ಥಳವಿದೆ. ಆದರೆ ಎರಡನೆಯದನ್ನು ಮೊದಲನೆಯದರ ವೇಷದಲ್ಲಿ ಹೇಳುವುದು ಕೇಳುಗನಿಗೆ ಮಾಡುವ ಮೋಸ.

5ರಿಂದ 7, 7ರಿಂದ 12

5 ನಿಮಿಷದ ಮಿತಿ ಮುಂದೆ 7 ನಿಮಿಷವಾಯಿತು. 2024ರ ಫೆಬ್ರವರಿ 13ರಂದು, ವಿಶ್ವ ಬಾನುಲಿ ದಿನದಂದು, ಚೆನ್ನೈಯ ಅಣ್ಣಾ ವಿಶ್ವವಿದ್ಯಾನಿಲಯದಲ್ಲಿ ನಡೆದ ಸಮ್ಮೇಳನದಲ್ಲಿ ಹೊಸ ನೀತಿ ಮಾರ್ಗಸೂಚಿ ಬಿಡುಗಡೆಯಾಯಿತು. ಅದರ ಮುಖ್ಯಾಂಶಗಳು ಹೀಗಿವೆ: ಜಾಹೀರಾತಿನ ಮಿತಿ ಗಂಟೆಗೆ 12 ನಿಮಿಷ, ಪರವಾನಗಿಯ ಆರಂಭಿಕ ಅವಧಿ 10 ವರ್ಷ, ಸಲಹಾ ಮತ್ತು ಕಾರ್ಯಕ್ರಮ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು. ಕೇಂದ್ರ ಸರಕಾರದ ಜಾಹೀರಾತಿನ ದರವನ್ನೂ ಪ್ರತಿ 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಏರಿಸಲಾಯಿತು.

ಕೇಬಲ್ ಟಿ.ವಿ. ನಿಯಮಗಳು ಖಾಸಗಿ ದೂರದರ್ಶನ ವಾಹಿನಿಗಳಿಗೆ ಗೊತ್ತುಪಡಿಸಿದ್ದ ಮಿತಿಯೂ ಗಂಟೆಗೆ ಇದೇ 12 ನಿಮಿಷ ಎಂಬುದನ್ನು ಓದುಗರು ಗಮನಿಸಬೇಕು. ಅಂದರೆ, ಗಡಿಯಾರ ನೋಡಿ ಇದು ಸಮುದಾಯದ ಮಾಧ್ಯಮ, ಅದು ವಾಣಿಜ್ಯದ ಮಾಧ್ಯಮ ಎಂದು ಇನ್ನು ಹೇಳುವಂತಿಲ್ಲ. ವ್ಯತ್ಯಾಸ ಉಳಿದಿರುವುದು ಉಳಿದ ನಿಯಮಗಳಲ್ಲಿ: ಯಾರ ಜಾಹೀರಾತು, ಎಂತಹ ಜಾಹೀರಾತು, ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ನಿಮಿಷದ ಬೇಲಿ ಸಡಿಲವಾದಷ್ಟೂ ಈ ಮೂರು ಬೇಲಿಗಳು ಗಟ್ಟಿಯಾಗಿರಬೇಕು ಎಂಬುದೇ ನಾವು ಈ ಲೇಖನದಲ್ಲಿ ಹೇಳಬಯಸುವ ಮುಖ್ಯ ವಿಷಯ.

ಲೆಕ್ಕಾಚಾರ

ಸರಕಾರಿ ದರದಲ್ಲಿ 10 ಸೆಕೆಂಡಿಗೆ 74 ರೂಪಾಯಿ ಎಂದರೆ ನಿಮಿಷಕ್ಕೆ 444 ರೂಪಾಯಿ. ಗಂಟೆಯ 12 ನಿಮಿಷವೂ ತುಂಬಿದರೆ 5,328 ರೂಪಾಯಿ. ಹಿಂದಿನ ದರದಲ್ಲಿ 7 ನಿಮಿಷಕ್ಕೆ ಸಿಗುತ್ತಿದ್ದುದು 2,184 ರೂಪಾಯಿ. ಕಾಗದದ ಮೇಲೆ ಆದಾಯ ಎರಡೂವರೆ ಪಟ್ಟಿನ ಹತ್ತಿರಕ್ಕೆ ಏರಿದಂತೆ ಕಾಣುತ್ತದೆ.

ಆದರೆ ಇದು 12 ನಿಮಿಷವೂ ತುಂಬಿದರೆ ಮಾತ್ರ. ಸರಕಾರಿ ಜಾಹೀರಾತು ದಿನವೂ ಬರುವುದಿಲ್ಲ, ಬಂದರೂ ದಿನಕ್ಕೆ ಕೆಲವು ನಿಮಿಷಗಳಷ್ಟೇ. ಖಾಲಿ ಉಳಿದ ನಿಮಿಷಕ್ಕೆ ಬೆಲೆಯಿಲ್ಲ. ಖರ್ಚಾದರೋ ಖಾಲಿ ಉಳಿಯುವುದಿಲ್ಲ. ವಿದ್ಯುತ್ ಬಿಲ್ಲು, ಪ್ರೇಷಕದ ದುರಸ್ತಿ, ಸಿಡಿಲಿಗೆ ಸುಟ್ಟುಹೋದ ಉಪಕರಣಗಳ ಬದಲಾವಣೆ, ಕಾರ್ಯಕ್ರಮ ನಿರ್ವಾಹಕರ ಸಂಬಳ ಇವು ತಿಂಗಳು ತಿಂಗಳೂ ಬರುತ್ತವೆ. ಇದರ ಮೇಲೆ ತರಂಗಾಂತರ ಶುಲ್ಕ. 2012ರಲ್ಲಿ ಈ ಶುಲ್ಕವನ್ನು ವರ್ಷಕ್ಕೆ 19,700 ರೂಪಾಯಿಯಿಂದ 91,000 ರೂಪಾಯಿಗೆ ಏರಿಸಿದಾಗ ದೇಶದಾದ್ಯಂತ ಸಮುದಾಯ ಬಾನುಲಿಗಳು ಪ್ರತಿಭಟಿಸಿದವು, ಏರಿಕೆ ಹಿಂದಕ್ಕೆ ಹೋಯಿತು. ಎಪ್ಪತ್ತು ಸಾವಿರದ ವ್ಯತ್ಯಾಸಕ್ಕೆ ಉಸಿರುಗಟ್ಟುವಷ್ಟು ಸಣ್ಣ ಸಂಸಾರ ಇವುಗಳದು ಎಂಬುದು ಆ ಪ್ರಸಂಗದಿಂದ ತಿಳಿಯುತ್ತದೆ.

ಹಣ ಎಲ್ಲಿಗೆ ಹೋಗಬೇಕು?

2006ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಜಾಹೀರಾತಿನಿಂದ ಬಂದ ಹಣವನ್ನು ಕೇಂದ್ರದ ದೈನಂದಿನ ಖರ್ಚಿಗೂ ಉಪಕರಣಗಳಂತಹ ಬಂಡವಾಳ ವೆಚ್ಚಕ್ಕೂ ಮಾತ್ರ ಬಳಸಬೇಕು. ಕೇಂದ್ರದ ಎಲ್ಲ ಅಗತ್ಯಗಳು ಪೂರೈಸಿದ ಮೇಲೆ ಉಳಿದರೆ, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಲಿಖಿತ ಅನುಮತಿ ಪಡೆದು ಸಂಸ್ಥೆಯ ಮೂಲ ಉದ್ದೇಶಕ್ಕೆ, ಅಂದರೆ ಶಿಕ್ಷಣ ಸಂಸ್ಥೆಯಾದರೆ ಶಿಕ್ಷಣಕ್ಕೆ, ವಿನಿಯೋಗಿಸಬಹುದು.

ಆಡಳಿತ ಮಂಡಳಿಗಳು ಇದನ್ನು ಅಲಕ್ಷಿಸಬಾರದು. ಕಾಲೇಜಿನ ಖಾತೆಯಲ್ಲಿ ಬಾನುಲಿಯ ಆದಾಯ ಬೆರೆತುಹೋದರೆ, ಯಾವ ಹಣ ಯಾವುದಕ್ಕೆ ಖರ್ಚಾಯಿತು ಎಂದು ಹೇಳುವವರೇ ಇಲ್ಲವಾಗುತ್ತದೆ. ಬಾನುಲಿಗೆ ಪ್ರತ್ಯೇಕ ಲೆಕ್ಕ ಪುಸ್ತಕ ಇರಲಿ. ಚರ್ಚಿನಲ್ಲಿ ಬಡವರ ನಿಧಿಯನ್ನು ಕಟ್ಟಡ ನಿಧಿಯೊಂದಿಗೆ ಬೆರೆಸದಿರುವ ಶಿಸ್ತು ನಮಗೆ ಅಪರಿಚಿತವಲ್ಲ. ಇಲ್ಲಿಯೂ ಅದೇ ಶಿಸ್ತು ಸಾಕು.

ಎಂತಹ ಜಾಹೀರಾತು ಸಲ್ಲದು?

ಸಮುದಾಯ ಬಾನುಲಿಗಳು ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಮತ್ತು ಜಾಹೀರಾತು ಸಂಹಿತೆಗಳನ್ನು ಪಾಲಿಸಬೇಕು. ಅದರ ಜೊತೆಗೆ ದೇಶದ ಸಾಮಾನ್ಯ ಕಾನೂನುಗಳೂ ಅನ್ವಯಿಸುತ್ತವೆ. ಮುಖ್ಯವಾದವು ಇವು:

- ಮದ್ಯ, ಸಿಗರೇಟು, ಇತರ ತಂಬಾಕು ಪದಾರ್ಥಗಳ ಜಾಹೀರಾತು ಕೂಡದು. ತಂಬಾಕಿನ ಜಾಹೀರಾತನ್ನು 2003ರ ಕಾನೂನೇ ನಿಷೇಧಿಸಿದೆ.

- ಕೆಲವು ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧಗಳನ್ನೂ ಮಂತ್ರ ತಾಯಿತಗಳನ್ನೂ ಜಾಹೀರುಪಡಿಸುವುದು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾನೂನಿನ ಪ್ರಕಾರ ಅಪರಾಧ.

- ಭವಿಷ್ಯ ಹೇಳುವವರ, ಜೂಜಿನ ಸಲಹೆ ಕೊಡುವವರ ಜಾಹೀರಾತಿಗೆ ಸಂಹಿತೆಯಲ್ಲಿ ಸ್ಥಳವಿಲ್ಲ.

- ಇನ್ನೊಬ್ಬರ ಸರಕನ್ನು ಹೀಯಾಳಿಸಬಾರದು. ತೂಕ, ಗುಣಮಟ್ಟ, ಬೆಲೆ ಇವುಗಳ ಬಗ್ಗೆ ಹೇಳುವುದು ನಿಜವಾಗಿರಬೇಕು.

- ಈ ವಸ್ತು ನಿನ್ನಲ್ಲಿ ಇಲ್ಲದಿದ್ದರೆ ನೀನು ಉಳಿದ ಮಕ್ಕಳಿಗಿಂತ ಕೀಳು ಎಂಬ ಭಾವನೆಯನ್ನು ಮಕ್ಕಳಲ್ಲಿ ಹುಟ್ಟಿಸಬಾರದು.

- ಜಾಹೀರಾತು ಯಾವುದು, ಕಾರ್ಯಕ್ರಮ ಯಾವುದು ಎಂದು ಕೇಳುಗನಿಗೆ ಸ್ಪಷ್ಟವಾಗಿ ತಿಳಿಯಬೇಕು.

- ಗುಂಡಿನ ಸದ್ದು, ಸೈರನ್, ಚೀತ್ಕಾರ ಮುಂತಾದ ಬೆಚ್ಚಿಬೀಳಿಸುವ ಶಬ್ದಗಳನ್ನು ಬಳಸಬಾರದು. ಚಂಡಮಾರುತದ ಮುನ್ನೆಚ್ಚರಿಕೆಯನ್ನು ಬಾನುಲಿಯಲ್ಲೇ ಕೇಳುವ ಕಡಲ ತೀರದಲ್ಲಿ ಈ ನಿಯಮದ ಬೆಲೆ ವಿವರಿಸಬೇಕಾಗಿಲ್ಲ. ಗಿರಾಕಿಗಳನ್ನು ಸೆಳೆಯಲು ಸೈರನ್ ಊದುವ ಕೇಂದ್ರದ ನಿಜವಾದ ಸೈರನ್ನನ್ನು ನಾಳೆ ಯಾರೂ ನಂಬಲಾರರು.

2019ರ ಗ್ರಾಹಕ ಸಂರಕ್ಷಣಾ ಕಾನೂನಿನ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಅದೇ ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಪಾಡಬೇಕೆಂದು 2006ರ ಮಾರ್ಗಸೂಚಿ ವಿಧಿಸಿತ್ತು. ದೂರು ಬಂದಾಗ ಕೇಂದ್ರದ ನೆರವಿಗೆ ಬರುವುದು ಆ ಮುದ್ರಣವೇ.

ಧರ್ಮ ಮತ್ತು ರಾಜಕೀಯ

ಚರ್ಚ್ ಕಾರ್ಯಕರ್ತರು ವಿಶೇಷವಾಗಿ ತಿಳಿದಿರಬೇಕಾದ ನಿಯಮ ಇದು. ಪೂರ್ಣವಾಗಿ ಅಥವಾ ಮುಖ್ಯವಾಗಿ ಧಾರ್ಮಿಕ ಇಲ್ಲವೇ ರಾಜಕೀಯ ಉದ್ದೇಶವುಳ್ಳ ಜಾಹೀರಾತನ್ನು ಆಕಾಶವಾಣಿಯ ಸಂಹಿತೆ ಒಪ್ಪುವುದಿಲ್ಲ. ಸಮುದಾಯ ಬಾನುಲಿಯಲ್ಲಿ ಧಾರ್ಮಿಕ ಕಾರ್ಯಕ್ರಮ ಬರಲೇಬಾರದೆಂದು ಇದರ ಅರ್ಥವಲ್ಲ. ಜನರ ಧಾರ್ಮಿಕ ಭಾವನೆಗಳನ್ನು ದುರುಪಯೋಗ ಮಾಡಬಾರದು, ಇತರ ಧರ್ಮದವರ ನಂಬಿಕೆಗೆ ನೋವುಂಟುಮಾಡಬಾರದು ಎಂದು ಮಾರ್ಗಸೂಚಿ ಎಚ್ಚರಿಸುತ್ತದೆ. ಆದರೆ ಹಣ ಕೊಟ್ಟು ಧರ್ಮವನ್ನು ಜಾಹೀರುಪಡಿಸುವುದಕ್ಕೆ ದಾರಿ ಇಲ್ಲ.

ಮೊಂತಿ ಹಬ್ಬದ ಹಿನ್ನೆಲೆ, ತೆನೆ ಹಂಚುವ ಪದ್ಧತಿ, ಅಂದಿನ ಅಡುಗೆ ಇವುಗಳ ಬಗ್ಗೆ ಹಿರಿಯರೊಬ್ಬರು ಮಾತನಾಡಿದರೆ ಅದು ಸಂಸ್ಕೃತಿಯ ಕಾರ್ಯಕ್ರಮ. ಹಬ್ಬದ ದಿನ ಪೇಟೆಯ ರಸ್ತೆಯಲ್ಲಿ ವಾಹನ ಸಂಚಾರ ಬದಲಾಗಿದೆ ಎಂದರೆ ಅದು ಸ್ಥಳೀಯ ಮಾಹಿತಿ. ನಮ್ಮ ಪುಣ್ಯಕ್ಷೇತ್ರಕ್ಕೆ ಬನ್ನಿ, ಹರಕೆ ಸಲ್ಲಿಸಿ, ಕಾಣಿಕೆ ಕೊಡಿ ಎಂದು ಹಣ ತೆತ್ತು ಹೇಳಿಸಿದರೆ ಅದು ಧಾರ್ಮಿಕ ಜಾಹೀರಾತು. ಕಾಲೇಜು ನಮ್ಮದೇ ಸಭೆಯವರದು, ಹೇಳಿದರೇನಂತೆ ಎಂಬ ಸಲಿಗೆ ಇಲ್ಲಿ ಬೇಡ. ಆ ಬಾನುಲಿಯನ್ನು ಕೇಳುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಇದೇ ನಿಯಮ ದೇವಸ್ಥಾನಕ್ಕೂ ಮಸೀದಿಗೂ ಅನ್ವಯಿಸಬೇಕೆಂದು ನಾವು ಬಯಸುವುದಾದರೆ ಮೊದಲು ನಾವು ಪಾಲಿಸಬೇಕು.

ಚುನಾವಣೆಯ ಸಮಯದಲ್ಲಿಯೂ ಇದೇ ಎಚ್ಚರ ಬೇಕು. ರಾಜಕೀಯ ಪಕ್ಷಗಳಿಗೂ ಅವುಗಳ ಅಂಗಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿಯನ್ನೇ ಕೊಡುವುದಿಲ್ಲ. ಪರವಾನಗಿ ಪಡೆಯಲಾಗದವರು ಜಾಹೀರಾತಿನ ಹಿಂಬಾಗಿಲಿನಿಂದ ಬರುವುದೂ ಸರಿಯಲ್ಲ.

ಇತರ ದೇಶಗಳಲ್ಲಿ

ಹಣ ಮತ್ತು ಸ್ವಾತಂತ್ರ್ಯದ ನಡುವಿನ ಈ ಹಗ್ಗಜಗ್ಗಾಟ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಬೇರೆ ದೇಶಗಳು ಕಂಡುಕೊಂಡ ದಾರಿಗಳು ಬೇರೆ ಬೇರೆ.

ಅಮೆರಿಕದಲ್ಲಿ ಲಾಭರಹಿತ ಶೈಕ್ಷಣಿಕ ಕೇಂದ್ರಗಳು, ಅವುಗಳಲ್ಲಿ ಅನೇಕ ಕಾಲೇಜು ಬಾನುಲಿಗಳು, ಜಾಹೀರಾತನ್ನು ಪ್ರಸಾರ ಮಾಡುವಂತಿಲ್ಲ. ನೆರವು ನೀಡಿದವರ ಹೆಸರು, ವಿಳಾಸ, ಅವರ ವ್ಯವಹಾರ ಏನೆಂಬುದನ್ನು ಹೇಳಿ ವಂದಿಸಬಹುದು. ಬೆಲೆ ಹೇಳಬಾರದು, ಇದೇ ಉತ್ತಮವೆಂದು ಹೊಗಳಬಾರದು, ಬಂದು ಕೊಳ್ಳಿರಿ ಎಂದು ಕರೆಯಬಾರದು.

ಆಸ್ಟ್ರೇಲಿಯಾದಲ್ಲಿ 1992ರ ಪ್ರಸಾರ ಕಾನೂನಿನ ಪ್ರಕಾರ ಸಮುದಾಯ ಕೇಂದ್ರಗಳಿಗೆ ಜಾಹೀರಾತು ನಿಷಿದ್ಧ. ಪ್ರಾಯೋಜಕರ ಪ್ರಕಟಣೆಗೆ ಗಂಟೆಗೆ 5 ನಿಮಿಷದ ಅವಕಾಶವಿದೆ. ಇವರು ನಮ್ಮ ಕೇಂದ್ರದ ಪ್ರಾಯೋಜಕರು ಎಂಬ ಮಾತು ಅದರಲ್ಲಿ ಇರಲೇಬೇಕು.

ಬ್ರಿಟನ್ 2004ರ ಆದೇಶದಲ್ಲಿ ನಿಮಿಷವನ್ನು ಬಿಟ್ಟು ಹಣವನ್ನು ಅಳೆಯಿತು. ಕೇಂದ್ರದ ವಾರ್ಷಿಕ ಆದಾಯದಲ್ಲಿ ಜಾಹೀರಾತು ಮತ್ತು ಪ್ರಾಯೋಜಕತ್ವದ ಪಾಲು ಅರ್ಧವನ್ನು ಮೀರಬಾರದೆಂದೂ, ಯಾವುದೇ ಒಂದೇ ಮೂಲದಿಂದ ಅರ್ಧಕ್ಕಿಂತ ಹೆಚ್ಚು ಹಣ ಬರಬಾರದೆಂದೂ ಆ ಆದೇಶ ವಿಧಿಸಿತ್ತು. ಸಣ್ಣ ಕೇಂದ್ರಗಳಿಗೆ ಇದು ಕಷ್ಟವಾದಾಗ ಮುಂದಿನ ವರ್ಷಗಳಲ್ಲಿ ನಿಯಮ ಸಡಿಲವಾಯಿತು. 2015ರಲ್ಲಿ ಜಾಹೀರಾತು ಆದಾಯದ ಮೊದಲ 15,000 ಪೌಂಡುಗಳನ್ನು ಮಿತಿಯ ಲೆಕ್ಕದಿಂದ ಹೊರಗಿಡಲಾಯಿತು.

ಅಮೆರಿಕದ ನಿಯಮ ಮಾತನ್ನು ಅಳೆಯುತ್ತದೆ, ನಮ್ಮ ನಿಯಮ ಸಮಯವನ್ನು, ಬ್ರಿಟನ್ನಿನ ಮೂಲ ನಿಯಮ ಅವಲಂಬನೆಯನ್ನು. ನಮ್ಮಲ್ಲಿ ಕಾಣದಿರುವುದು ಈ ಮೂರನೆಯ ಅಳತೆ.

ಒಬ್ಬನೇ ಧಣಿ ಬೇಡ

ಗಂಟೆಗೆ ಕೇವಲ 3 ನಿಮಿಷ ಜಾಹೀರಾತು ಪ್ರಸಾರ ಮಾಡುವ ಕೇಂದ್ರವೊಂದನ್ನು ಊಹಿಸಿಕೊಳ್ಳೋಣ. ನಿಯಮದ ಮಿತಿಗಿಂತ ಎಷ್ಟೋ ಕೆಳಗೆ. ಆದರೆ ಆ ಮೂರು ನಿಮಿಷವೂ ಒಂದೇ ಕಾರ್ಖಾನೆಯದಾದರೆ? ಆ ಕಾರ್ಖಾನೆಯ ಕೊಳಚೆ ನೀರು ತೋಡಿಗೆ ಸೇರಿ ಮೀನು ಸತ್ತ ದಿನ, ಮೀನುಗಾರರನ್ನು ಕರೆದು ಮಾತನಾಡಿಸುವ ಧೈರ್ಯ ಆ ಕೇಂದ್ರಕ್ಕೆ ಇರುತ್ತದೆಯೇ? ಇನ್ನೊಂದು ಕೇಂದ್ರ ಗಂಟೆಗೆ 10 ನಿಮಿಷ ಜಾಹೀರಾತು ಪ್ರಸಾರ ಮಾಡುತ್ತದೆ. ಅದರಲ್ಲಿ ನಲುವತ್ತು ಸಣ್ಣ ಅಂಗಡಿಗಳಿವೆ. ಯಾವನೊಬ್ಬ ಮುನಿಸಿಕೊಂಡು ಹೋದರೂ ಕೇಂದ್ರ ನಿಲ್ಲುವುದಿಲ್ಲ. ಇವೆರಡರಲ್ಲಿ ಹೆಚ್ಚು ಸ್ವತಂತ್ರ ಯಾವುದು ಎಂದು ಓದುಗರೇ ಹೇಳಬಲ್ಲರು.

ಧಣಿ ಸರಕಾರವಾದರೂ ಮಾತು ಇದೇ. ಸರಕಾರಿ ಜಾಹೀರಾತನ್ನೇ ನಂಬಿದ ಕೇಂದ್ರಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರಿಲ್ಲ ಎಂಬ ದೂರನ್ನು ಪ್ರಸಾರ ಮಾಡಲು ನಾಲಗೆ ತಡವರಿಸುತ್ತದೆ. ಧಣಿ ಕಾಲೇಜೇ ಆದಾಗಲೂ ಅಷ್ಟೆ. ಆಡಳಿತ ಮಂಡಳಿಯ ಹಣದಿಂದಲೇ ನಡೆಯುವ ಬಾನುಲಿ ಮೆಲ್ಲಮೆಲ್ಲನೆ ಕಾಲೇಜಿನ ಪ್ರವೇಶಾತಿಯ ಪ್ರಚಾರವಾಗಿ ಬಿಡುವ ಅಪಾಯವಿದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕೆಂಬ ನಿಯಮ ಬಂದುದು ಇಂತಹ ಅಪಾಯಕ್ಕೆ ತಡೆಯಾಗಿ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: 12 ನಿಮಿಷ ಹೆಚ್ಚಾಯಿತು ಎಂದು ದೂರುವುದರಲ್ಲಿ ಅರ್ಥವಿಲ್ಲ. ಹಣವಿಲ್ಲದೆ ಮುಚ್ಚಿದ ಕೇಂದ್ರ ಯಾರ ಧ್ವನಿಯೂ ಆಗಲಾರದು. ಆದರೆ ಒಬ್ಬನೇ ಜಾಹೀರಾತುದಾರ ಎಷ್ಟು ಪಾಲು ಕೊಳ್ಳಬಹುದು ಎಂಬುದಕ್ಕೊಂದು ಮಿತಿ ಬೇಕು. ಸರಕಾರ ಅದನ್ನು ವಿಧಿಸುವವರೆಗೆ ಪ್ರತಿ ಕೇಂದ್ರದ ಸಲಹಾ ಸಮಿತಿ ತಾನೇ ವಿಧಿಸಿಕೊಳ್ಳಬಹುದು. ಇದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.

ಮೂರು ಅಳತೆಗೋಲು

ಜಾಹೀರಾತಿನ ನೀತಿಯ ಬಗ್ಗೆ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಾಧ್ಯಮಗಳ ಪರಿಷತ್ತು 1997ರ ಫೆಬ್ರವರಿ 22ರಂದು ದಾಖಲೆಯೊಂದನ್ನು ಪ್ರಕಟಿಸಿತ್ತು. ಜಾಹೀರಾತನ್ನು ಕೆಟ್ಟದ್ದೆಂದು ಅದು ತಳ್ಳಿಹಾಕಲಿಲ್ಲ. ಸತ್ಯ, ಮಾನವ ಘನತೆ, ಸಾಮಾಜಿಕ ಜವಾಬ್ದಾರಿ ಎಂಬ ಮೂರು ಅಳತೆಗೋಲುಗಳನ್ನು ಅದು ಮುಂದಿಟ್ಟಿತು. ಇವು ಯಾವ ಮತದವರೂ ಒಪ್ಪಬಹುದಾದವು. ಜಾಹೀರಾತು ಸ್ವೀಕರಿಸುವ ಮೊದಲು ಕೇಂದ್ರದ ನಿರ್ವಾಹಕರು ಇದನ್ನು ಮೂರು ಸರಳ ಪ್ರಶ್ನೆಗಳಾಗಿ ಕೇಳಿಕೊಳ್ಳಬಹುದು: ಇದರಲ್ಲಿ ಹೇಳಿರುವುದು ನಿಜವೇ? ಇದು ಯಾರನ್ನಾದರೂ ಕೀಳಾಗಿ ಕಾಣುತ್ತದೆಯೇ? ಇದನ್ನು ಕೇಳಿದ ಬಡ ಕುಟುಂಬವೊಂದು ಸಾಲ ಮಾಡಿ ಕೈಸುಟ್ಟುಕೊಂಡೀತೇ?

ನಾವೇನು ಮಾಡಬಹುದು?

ಕೇಂದ್ರ ನಡೆಸುವವರಿಗೆ: ನಿಮ್ಮ ಪರವಾನಗಿ ಒಪ್ಪಂದದ ಪ್ರತಿಯನ್ನು ಓದಿ, ಅದರಲ್ಲಿರುವ ಷರತ್ತುಗಳೇ ನಿಮಗೆ ಅಂತಿಮ. ಜಾಹೀರಾತಿನ ದರಪಟ್ಟಿಯನ್ನು ಬಹಿರಂಗವಾಗಿ ತೂಗುಹಾಕಿ. ಸಣ್ಣ ವ್ಯಾಪಾರಿಗೆ, ಸ್ವಸಹಾಯ ಗುಂಪಿಗೆ ರಿಯಾಯಿತಿ ದರವಿರಲಿ. ಪ್ರತಿ ಗಂಟೆಯ ಜಾಹೀರಾತು ನಿಮಿಷಗಳನ್ನು ದಿನಚರಿಯಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಆದಾಯ ವೆಚ್ಚವನ್ನು ಬಾನುಲಿಯಲ್ಲೇ ಕೇಳುಗರಿಗೆ ಓದಿ ಹೇಳಿ.

ವ್ಯಾಪಾರಿಗಳಿಗೆ: ನಿಮ್ಮ ಗಿರಾಕಿಗಳೆಲ್ಲ ಐದಾರು ಕಿಲೋಮೀಟರಿನೊಳಗೆ ಇರುವವರಾದರೆ ಜಿಲ್ಲೆಗೆಲ್ಲ ಕೇಳಿಸುವ ಜಾಹೀರಾತಿಗೆ ಹಣ ಸುರಿಯುವ ಅಗತ್ಯವಿದೆಯೇ ಎಂದು ಯೋಚಿಸಿ.

ಚರ್ಚ್ ಪಾಲನಾ ಮಂಡಳಿ, ವಾಳೆಯ ಗುರಿಕಾರರು, ಸಂಘಟನೆಗಳ ಪದಾಧಿಕಾರಿಗಳಿಗೆ: ರಕ್ತದಾನ ಶಿಬಿರ, ಉದ್ಯೋಗ ಮೇಳ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಇಂತಹ ಎಲ್ಲರಿಗೂ ಉಪಯೋಗವಾಗುವ ಮಾಹಿತಿಯನ್ನು ಸಮಯಕ್ಕೆ ಮುಂಚೆ ಕೇಂದ್ರಕ್ಕೆ ತಲಪಿಸಿ. ಧಾರ್ಮಿಕ ಜಾಹೀರಾತಿಗಾಗಿ ಒತ್ತಾಯಿಸಬೇಡಿ.

ಕೇಳುಗರಿಗೆ: ಸುಳ್ಳು ಜಾಹೀರಾತು ಕೇಳಿಬಂದರೆ ದಿನಾಂಕ ಮತ್ತು ವೇಳೆಯನ್ನು ಗುರುತು ಹಾಕಿಕೊಂಡು ಮೊದಲು ಕೇಂದ್ರಕ್ಕೆ ತಿಳಿಸಿ. ಹೆಚ್ಚಿನವು ಅಲ್ಲಿಯೇ ಸರಿಯಾಗುತ್ತವೆ. ಆಗದಿದ್ದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಬರೆಯುವ ಹಕ್ಕು ನಿಮಗಿದೆ.

ವಾಯುತರಂಗ ಸಾರ್ವಜನಿಕ ಸೊತ್ತು ಎಂದು ನ್ಯಾಯಾಲಯ ಹೇಳಿ ಮೂರು ದಶಕ ದಾಟಿದೆ. ಊರಿನ ಕೆರೆಯ ಹೂಳೆತ್ತುವ ಹೊರೆ ಊರವರದೇ ಆಗಿರುವಂತೆ, ಈ ಸೊತ್ತನ್ನು ಕಾಯುವ ಹೊರೆಯೂ ನಮ್ಮದೇ. ನಲುವತ್ತು ಅಂಗಡಿಯವರು ತಿಂಗಳಿಗೆ ಒಂದಿಷ್ಟು ಹಣ ತೆಗೆದಿರಿಸಿದರೆ ಊರಿನ ಬಾನುಲಿ ಯಾರ ಹಂಗೂ ಇಲ್ಲದೆ ಊರಿನ ಮಾತನ್ನು ಆಡಬಲ್ಲದು.